ಕಿವಿ ಚುಚ್ಚಿದ ಜಾಗದಲ್ಲಿ ಬೆಳೆದ ಗಂಟಿಗೆ ಗಿಡಮೂಲಿಕೆ ಎಷ್ಟರ ಮಟ್ಟಿಗೆ ಒದಗುತ್ತದೆ?

ಪ್ರಶ್ನೆ: ನಾವು ಮೂಲತಃ ಕಾರ್ಕಳದ ಕಡೆಯವರು, ಈಗ ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. ನನ್ನ ಹಿರಿಯ ಮಗಳಿಗೆ 19 ವರ್ಷ. ಕಳೆದ ವರ್ಷ ಅಂಗಡಿಯೊಂದರಲ್ಲಿ ಕಿವಿಯ ಹಾಲೆಗೆ ಎರಡನೆಯ ತೂತು ಮಾಡಿಸಿಕೊಂಡಳು. ನಾಲ್ಕೈದು ತಿಂಗಳಾದ ಮೇಲೆ ಹಾಲೆಯ ಹಿಂಬದಿಯಲ್ಲಿ ಗಂಟು ಕಾಣಿಸಿಕೊಂಡಿತು. ಈಗ ಅದು ಕಡಲೆಕಾಳಿಗಿಂತ ದೊಡ್ಡದಾಗಿದೆ, ತುರಿಕೆಯೂ ಇದೆ. ಊರಿನಲ್ಲಿರುವ ಅತ್ತೆಯವರು ತಿಮರೆ ಎಣ್ಣೆ, ಅರಿಶಿನ ಹಚ್ಚಿ ಎನ್ನುತ್ತಾರೆ. ಪಕ್ಕದ ಮನೆಯವರು ಬಿಬ್ಬಾದ ಎಣ್ಣೆ ತಾಗಿಸಿದರೆ ಗಂಟು ಉದುರಿ ಹೋಗುತ್ತದೆ ಎನ್ನುತ್ತಾರೆ. ನನ್ನ ಸಿಸೇರಿಯನ್ ಕಲೆಯೂ ಮೊದಲು ದಪ್ಪಗಾಗಿ, ಕೊಬ್ಬರಿ ಎಣ್ಣೆ ತಿಕ್ಕುತ್ತಾ ಬಂದಂತೆ ಇಳಿದುಹೋಗಿತ್ತು. ಇದೂ ಹಾಗೆಯೇ ವಾಸಿಯಾಗಬಹುದೇ? ಆರು ವರ್ಷದ ಕಿರಿಯ ಮಗಳಿಗೆ ಇನ್ನೂ ಕಿವಿ ಚುಚ್ಚಿಸಿಲ್ಲ. ಚುಚ್ಚಿಸಬಹುದೇ?

ಉತ್ತರ: ಮೊದಲು ಬಿಬ್ಬಾದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಉಳಿದ ಮಾತುಗಳನ್ನು ನೀವು ನಿಧಾನವಾಗಿ ಓದಿಕೊಂಡರೂ ನಡೆಯುತ್ತದೆ, ಇದೊಂದು ಇವತ್ತೇ ತಿಳಿದಿರಬೇಕು. ದಯವಿಟ್ಟು ಅದನ್ನು ಮಗಳ ಕಿವಿಗೆ ತಾಗಿಸಬೇಡಿ. ಮರಾಠಿಯಲ್ಲಿ ಬಿಬ್ಬಾ ಎನ್ನುವುದು ನಮ್ಮ ಕರಿಗೇರು, ಸಂಸ್ಕೃತದ ಭಲ್ಲಾತಕ. ಅಗಸರು ಬಟ್ಟೆಗೆ ಅಳಿಸಲಾಗದ ಗುರುತು ಹಾಕಲು ಬಳಸುತ್ತಿದ್ದ ಕಾಯಿ ಅದು. ಅದರ ಸಿಪ್ಪೆಯೊಳಗಿನ ಕಪ್ಪು ಎಣ್ಣೆ ಚರ್ಮವನ್ನು ಸುಡುತ್ತದೆ, ಬೊಕ್ಕೆ ಎಬ್ಬಿಸುತ್ತದೆ. ಆಯುರ್ವೇದದಲ್ಲಿ ಅದನ್ನು ಶುದ್ಧಿ ಮಾಡದೆ ಬಳಸುವಂತಿಲ್ಲ. ಸರ್ಕಾರದ ಔಷಧ ನಿಯಮಗಳಲ್ಲಿಯೂ ಅದು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೊಡಬೇಕಾದ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಮಾಟುಂಗದ ನನ್ನ ಚಿಕಿತ್ಸಾಲಯಕ್ಕೆ ಕೆಲವು ವರ್ಷಗಳ ಹಿಂದೆ ಒಬ್ಬ ಯುವಕ ಬಂದಿದ್ದ. ಎದೆಯ ಮೇಲೆ ಮೊಡವೆಯಿಂದ ಎದ್ದ ಒಂದು ಸಣ್ಣ ಉಬ್ಬಿಗೆ ಯಾರೋ ಸೂಜಿಯ ಮೊನೆಯಿಂದ ಈ ಎಣ್ಣೆಯನ್ನು ಇಟ್ಟಿದ್ದರು. ಬೆವರಿನೊಂದಿಗೆ ಎಣ್ಣೆ ಕೆಳಗೆ ಹರಿದಿತ್ತು. ಅವನು ಅಂಗಿಯ ಗುಂಡಿ ಬಿಚ್ಚಿದಾಗ, ಎಣ್ಣೆ ಹರಿದ ದಾರಿಯುದ್ದಕ್ಕೂ, ಎದೆಯ ನಡುವಿನಿಂದ ಪಕ್ಕೆಲುಬಿನವರೆಗೆ, ಬೆರಳಿನಷ್ಟು ದಪ್ಪದ ಹೊಸ ಉಬ್ಬುಗಲೆ ಬಳ್ಳಿಯಂತೆ ಹಬ್ಬಿತ್ತು. ಗಾಯಕ್ಕೆ ಅತಿಯಾಗಿ ಪ್ರತಿಕ್ರಿಯಿಸುವ ಚರ್ಮಕ್ಕೆ ಹೊಸ ಗಾಯ ಮಾಡುವುದು ಎಂದರೆ ಹೀಗೆ. ಎಕ್ಕದ ಹಾಲು, ಸುಣ್ಣ, ಜಜ್ಜಿದ ಹಸಿ ಬೆಳ್ಳುಳ್ಳಿ, ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದು, ಇವೆಲ್ಲವೂ ಇದೇ ಜಾತಿಗೆ ಸೇರಿದ ಉಪಾಯಗಳು. ಉರಿ ಬರಿಸುವ ಯಾವ ಮದ್ದೂ ಉಬ್ಬುಗಲೆಗೆ ಬೇಡ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಸಿಸೇರಿಯನ್ ಕಲೆಯೂ ಮಗಳ ಕಿವಿಯ ಗಂಟೂ ನೋಡಲು ಅಕ್ಕತಂಗಿಯರಂತೆ ಕಂಡರೂ ಬೇರೆ ಬೇರೆ. ಹೊಲಿಗೆ ಹಾಕಿದ ಗೆರೆಯ ಉದ್ದಕ್ಕೂ ದಪ್ಪಗಾಗಿ, ಆ ಗೆರೆಯನ್ನು ದಾಟದೆ, ಒಂದೆರಡು ತಿಂಗಳೊಳಗೆ ಎದ್ದು, ಆಮೇಲೆ ತಿಂಗಳುಗಳ ಅಥವಾ ಒಂದೆರಡು ವರ್ಷಗಳ ಅವಧಿಯಲ್ಲಿ ತಾನಾಗಿ ಇಳಿಯುವ ಕಲೆಯನ್ನು ವೈದ್ಯರು ಹೈಪರ್‌ಟ್ರೋಫಿಕ್ ಸ್ಕಾರ್ ಎನ್ನುತ್ತಾರೆ. ನಿಮ್ಮದು ಬಹುಶಃ ಅದು. ಕೊಬ್ಬರಿ ಎಣ್ಣೆಯ ನೀವಿಕೆ ಚರ್ಮವನ್ನು ಮೆತ್ತಗೆ ಮಾಡಿರುತ್ತದೆ, ಬಿಗಿತ ಕಡಿಮೆ ಮಾಡಿರುತ್ತದೆ, ಆದರೆ ಕಲೆ ಇಳಿದದ್ದರ ಬಹುಪಾಲು ಶ್ರೇಯ ಕಾಲಕ್ಕೆ ಸಲ್ಲಬೇಕು. ಮಗಳದು, ನೀವು ಬರೆದ ಲಕ್ಷಣಗಳ ಪ್ರಕಾರ, ಕೆಲಾಯ್ಡ್ ಇರುವ ಸಂಭವವೇ ಹೆಚ್ಚು. ಗಾಯ ಮಾಯ್ದು ತಿಂಗಳುಗಳಾದ ಮೇಲೆ ಹುಟ್ಟುವುದು, ಸೂಜಿಯ ತೂತಿನಷ್ಟು ಗಾಯದಿಂದ ಕಡಲೆಕಾಳಿನಷ್ಟು ಗಂಟಾಗುವುದು, ಗಾಯದ ಅಂಚನ್ನು ದಾಟಿ ಒಳ್ಳೆಯ ಚರ್ಮದೊಳಕ್ಕೆ ಚಾಚುವುದು, ತುರಿಸುವುದು, ತಾನಾಗಿ ಇಳಿಯದಿರುವುದು, ಇವು ಅದರ ಗುಣಗಳು. 19ನೇ ಶತಮಾನದ ಆರಂಭದಲ್ಲಿ ಫ್ರೆಂಚ್ ವೈದ್ಯ ಅಲಿಬೇರ್ ಇದಕ್ಕೆ ಕೊಟ್ಟ ಹೆಸರಿನ ಮೂಲ ಗ್ರೀಕ್ ಭಾಷೆಯ ಏಡಿಯ ಕೊಂಡಿ. ಪಕ್ಕದ ಚರ್ಮವನ್ನು ಕೊಂಡಿಯಿಂದ ಹಿಡಿದಂತೆ ಹಬ್ಬುತ್ತದೆ ಎಂಬುದೇ ಆ ಹೆಸರಿನ ಅರ್ಥ.

ಗಾಯವಾದಾಗ ಚರ್ಮದೊಳಗಿನ ಜೀವಕೋಶಗಳು ಕೊಲಾಜೆನ್ ಎಂಬ ನಾರನ್ನು ನೇಯ್ದು ಬಿರುಕನ್ನು ಮುಚ್ಚುತ್ತವೆ. ಕೆಲಸ ಮುಗಿದ ಮೇಲೆ ನೇಯ್ಗೆ ನಿಲ್ಲಬೇಕು, ಹೆಚ್ಚಾದ ನಾರು ಕರಗಬೇಕು. ಕೆಲಾಯ್ಡ್ ಆಗುವ ಚರ್ಮದಲ್ಲಿ ಈ ನಿಲ್ಲಿಸುವ ಸೂಚನೆ ತಲುಪುವುದಿಲ್ಲ, ನಾರು ದಪ್ಪ ಹುರಿಗಳಾಗಿ ಸೇರುತ್ತಲೇ ಹೋಗುತ್ತದೆ. ಇದು ವಂಶದಲ್ಲಿ ಬರುತ್ತದೆ. ಬಿಳಿ ಚರ್ಮದವರಿಗಿಂತ ನಮ್ಮಂಥ ಗಾಢವರ್ಣದವರಲ್ಲಿ ಹೆಚ್ಚು. ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಹೆಚ್ಚು. ಕಿವಿಯ ಹಾಲೆ, ಎದೆಯ ನಡುಭಾಗ, ಭುಜ, ಬೆನ್ನಿನ ಮೇಲ್ಭಾಗ ಇದರ ಮೆಚ್ಚಿನ ಜಾಗಗಳು. ನಮ್ಮಲ್ಲಿ ಅನೇಕರಿಗೆ ಎಡತೋಳಿನ ಬಿಸಿಜಿ ಚುಚ್ಚುಮದ್ದಿನ ಗುರುತು ಗಂಟಾಗಿರುವುದನ್ನು ನೀವು ನೋಡಿರಬಹುದು. ನಿಮ್ಮ ಮನೆಯ ಹಿರಿಯರ ತೋಳುಗಳನ್ನೂ ಒಮ್ಮೆ ನೋಡಿ, ಕಿರಿಯ ಮಗಳ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ.

ನಮ್ಮ ಪ್ರಾಚೀನ ವೈದ್ಯರು ಇದನ್ನು ಕಂಡಿರಲಿಲ್ಲವೆಂದಲ್ಲ. ವಾಗ್ಭಟನ ಅಷ್ಟಾಂಗ ಹೃದಯದ ಉತ್ತರಸ್ಥಾನದಲ್ಲಿ ವ್ರಣಗ್ರಂಥಿ, ಅಂದರೆ ಗಾಯದ ಗಂಟು, ಎಂಬುದರ ವಿವರಣೆ ಇದೆ. ಗಾಯ ಇನ್ನೂ ಮಾಯದಿರುವಾಗ ಅಥವಾ ಈಗಷ್ಟೇ ಮಾಯ್ದಿರುವಾಗ ಪಥ್ಯವಿಲ್ಲದೆ ಎಲ್ಲವನ್ನೂ ತಿನ್ನುವುದರಿಂದ, ಗಾಯ ಒದ್ದೆಯಾಗಿರುವುದರಿಂದ, ಕಟ್ಟು ಕಟ್ಟದಿರುವುದರಿಂದ, ಅಥವಾ ಪೆಟ್ಟು ಬೀಳುವುದರಿಂದ ವಾತವು ದುಷ್ಟ ರಕ್ತವನ್ನು ಒಣಗಿಸಿ, ಉರಿ ಮತ್ತು ತುರಿಕೆಯುಳ್ಳ ಗಂಟನ್ನು ಮಾಡುತ್ತದೆ ಎನ್ನುತ್ತಾನೆ ಅವನು. ಇಂದಿನ ಆಯುರ್ವೇದ ವೈದ್ಯರು ಕೆಲಾಯ್ಡಿಗೆ ಹೊಂದಿಸುವ ಹೆಸರು ಇದು. ಆದರೆ ಅಂಗಡಿಯ ಎಣ್ಣೆ ಮಾರುವವರು ಹೇಳದ ಒಂದು ಸಂಗತಿಯೂ ಅಲ್ಲಿಯೇ ಇದೆ. ಯಾವ ಗ್ರಂಥಿಗಳು ಸಾಧ್ಯ, ಅಂದರೆ ಗುಣವಾಗುವಂಥವು, ಎಂದು ವಾಗ್ಭಟ ಎಣಿಸುವಾಗ ದೋಷಗಳಿಂದ, ರಕ್ತದಿಂದ, ಮೇದಸ್ಸಿನಿಂದ ಹುಟ್ಟಿದವನ್ನು ಹೇಳುತ್ತಾನೆ. ವ್ರಣಗ್ರಂಥಿ ಆ ಪಟ್ಟಿಯಲ್ಲಿಲ್ಲ. ಗ್ರಂಥ ಬರೆದವನು ಇಷ್ಟು ಪ್ರಾಮಾಣಿಕನಾಗಿರುವಾಗ ಅವನ ಹೆಸರಿನಲ್ಲಿ ಮೂರು ವಾರದ ಗ್ಯಾರಂಟಿ ಕೊಡುವುದು ನನಗೆ ತೀರ ನೋವಿನ ವಿಷಯ.

ಸುಶ್ರುತನದೂ ಹೀಗೆಯೇ ತಪ್ಪಾಗಿ ಉಲ್ಲೇಖವಾಗುತ್ತದೆ. ಗಾಯಕ್ಕೆ ಅವನು ಹೇಳಿದ ಅರವತ್ತು ಉಪಕ್ರಮಗಳಲ್ಲಿ ತಗ್ಗಾದದ್ದನ್ನು ಎತ್ತರಿಸುವ ಉತ್ಸಾದನ, ಉಬ್ಬಿದ್ದನ್ನು ಇಳಿಸುವ ಅವಸಾದನ, ಗಟ್ಟಿಯಾದದ್ದನ್ನು ಮೆತ್ತಗೆ ಮಾಡುವ ಮೃದುಕರ್ಮ, ಕಲೆಯ ಬಣ್ಣವನ್ನು ಸರಿಪಡಿಸುವ ಕೃಷ್ಣಕರ್ಮ ಮತ್ತು ಪಾಂಡುಕರ್ಮಗಳು ಬರುತ್ತವೆ. ಅವಸಾದನಕ್ಕೆ ಹೇಳಿದ ದ್ರವ್ಯಗಳಲ್ಲಿ ಜಾಜಿ ಮೊಗ್ಗು, ಹೊಂಗೆಯ ಕಾಯಿ, ಕೋಳಿಮೊಟ್ಟೆಯ ಚಿಪ್ಪು ಇವುಗಳ ಜೊತೆಗೆ ಕಾಸೀಸ ಮತ್ತು ಮನಃಶಿಲೆಯೂ ಇವೆ. ಅವಸಾದನವೆಂದರೆ ಉಬ್ಬುಗಲೆಯ ಚಿಕಿತ್ಸೆ ಎಂದು ತಿಳಿದು ಇವುಗಳ ಲೇಪ ಮಾಡುವವರಿದ್ದಾರೆ. ಆದರೆ ಸುಶ್ರುತ ಅಲ್ಲಿ ಹೇಳುತ್ತಿರುವುದು ಇನ್ನೂ ತೆರೆದಿರುವ ಗಾಯದೊಳಗೆ ಮೆತ್ತಗೆ ಉಬ್ಬಿ ಬಂದ ಮಾಂಸಾಂಕುರದ ಬಗ್ಗೆ, ಮಾಯ್ದು ಗಟ್ಟಿಯಾದ ಗಂಟಿನ ಬಗ್ಗೆ ಅಲ್ಲ. ಮನಃಶಿಲೆ ಪಾಷಾಣದ ಸಂಯುಕ್ತ. ಹತ್ತೊಂಬತ್ತರ ಹುಡುಗಿಯ ಕಿವಿಗೆ ಅದನ್ನು ಹಚ್ಚುವ ಪ್ರಶ್ನೆಯೇ ಏಳಬಾರದು.

ಹಾಗಾದರೆ ನಿಮ್ಮ ಅತ್ತೆಯವರ ಮಾತು? ಅದನ್ನು ನಾನು ತೆಗೆದುಹಾಕುವುದಿಲ್ಲ. ತಿಮರೆ, ಅಂದರೆ ಒಂದೆಲಗ, ಗಾಯದ ಮದ್ದಾಗಿ ನಮ್ಮ ಕರಾವಳಿಯಿಂದ ಮಡಗಾಸ್ಕರ್‌ವರೆಗೆ ಬಳಕೆಯಲ್ಲಿದ್ದ ಸೊಪ್ಪು. ಕಳೆದ ಶತಮಾನದ ಮಧ್ಯದಿಂದ ಅದರ ಸಾರವನ್ನು ಫ್ರಾನ್ಸಿನಲ್ಲಿ ಗಾಯ ಮತ್ತು ಕಲೆಗಳ ಮುಲಾಮಾಗಿಯೂ ಬಳಸುತ್ತಿದ್ದಾರೆ. ಅದರಲ್ಲಿರುವ ಏಷಿಯಾಟಿಕೊಸೈಡ್ ಎಂಬ ಅಂಶ ಗಾಯ ಮಾಯುವ ಹಂತದಲ್ಲಿ ನಾರಿನ ನೇಯ್ಗೆಯನ್ನು ಹದಗೊಳಿಸುತ್ತದೆ. ಪ್ರಯೋಗಾಲಯದಲ್ಲಿ ಕೆಲಾಯ್ಡಿನ ಜೀವಕೋಶಗಳ ಅಬ್ಬರವನ್ನು ತಗ್ಗಿಸಿದ್ದೂ ಉಂಟು. ಆದರೆ ತಟ್ಟೆಯಲ್ಲಿನ ಜೀವಕೋಶಕ್ಕೂ ಕಡಲೆಕಾಳಿನಷ್ಟು ಗಟ್ಟಿಯಾಗಿ ಕೂತ ಗಂಟಿಗೂ ಬಹಳ ಅಂತರವಿದೆ. ನನ್ನ ಅನುಭವದಲ್ಲಿ ಒಂದೆಲಗದ ಎಣ್ಣೆ ತುರಿಕೆಯನ್ನು, ಬಿಗಿತವನ್ನು ಕಡಿಮೆ ಮಾಡುತ್ತದೆ, ಹೊಸ ಹೈಪರ್‌ಟ್ರೋಫಿಕ್ ಕಲೆ ಮೆತ್ತಗಾಗಲು ನೆರವಾಗುತ್ತದೆ. ಬೆಳೆದ ಕೆಲಾಯ್ಡನ್ನು ಅದು ಕರಗಿಸಿದ್ದನ್ನು ನಾನು ನೋಡಿಲ್ಲ.

ಮಾಡುವುದಾದರೆ ಸರಿಯಾಗಿ ಮಾಡಿ. ಇಲ್ಲಿ ಬ್ರಾಹ್ಮಿ ಎಂದು ಕೇಳಿದರೆ ಗಿಡಮೂಲಿಕೆ ಅಂಗಡಿಯವರು ಎರಡು ಬೇರೆ ಗಿಡಗಳಲ್ಲಿ ಯಾವುದನ್ನಾದರೂ ಕೊಟ್ಟುಬಿಡುತ್ತಾರೆ. ನಿಮಗೆ ಬೇಕಾದದ್ದು ಒಂದು ತೊಟ್ಟಿಗೆ ಒಂದೇ ದುಂಡನೆಯ ಎಲೆಯಿರುವುದು. ಕಾಂಡದ ಮೇಲೆ ಚಿಕ್ಕ ದಪ್ಪ ಎಲೆಗಳು ಜೋಡಿಯಾಗಿರುವುದು ನೀರುಬ್ರಾಹ್ಮಿ, ಅದಲ್ಲ. ಸೊಪ್ಪು ಚರಂಡಿ ಬದಿಯಲ್ಲಿಯೂ ಹುಲುಸಾಗಿ ಬೆಳೆಯುವುದರಿಂದ ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಶಾಸ್ತ್ರದ ಅಳತೆ ಒಂದು ಪಾಲು ಅರೆದ ಕಲ್ಕ, ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ರಸ. 25 ಗ್ರಾಂ ಅರೆದ ಸೊಪ್ಪು, 100 ಮಿಲಿಲೀಟರ್ ಕೊಬ್ಬರಿ ಎಣ್ಣೆ, 400 ಮಿಲಿಲೀಟರ್ ಹಿಂಡಿದ ರಸವನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಇಡಿ. ಮೊದಲು ಅದು ಹಸಿರು ಗಂಜಿಯಂತೆ ಕುದಿಯುತ್ತದೆ. ನೀರಿನ ಅಂಶ ಹೋಗುತ್ತಾ ಬಂದಂತೆ ಕಲ್ಕ ತಳದಲ್ಲಿ ಸೇರಿ, ಎಣ್ಣೆಯ ಮೇಲೆ ನೊರೆ ಏಳುತ್ತದೆ. ಆಗ ಸೌಟಿನ ತುದಿಯಲ್ಲಿ ಸ್ವಲ್ಪ ಕಲ್ಕ ತೆಗೆದು ಬೆರಳುಗಳ ನಡುವೆ ಹೊಸೆದರೆ ಬತ್ತಿಯಂತೆ ಉರುಳಬೇಕು. ಅದನ್ನು ಉರಿಗೆ ಹಿಡಿದರೆ ಚಟಚಟ ಎನ್ನದೆ ಉರಿಯಬೇಕು. ಚಟಗುಟ್ಟಿದರೆ ನೀರು ಉಳಿದಿದೆ, ಮುಂಬಯಿಯ ಮಳೆಗಾಲದಲ್ಲಿ ಅಂಥ ಎಣ್ಣೆ ಹದಿನೈದು ದಿನಕ್ಕೆ ಬೂಸಲು ಹಿಡಿಯುತ್ತದೆ. ಸೋಸಿ ಗಾಜಿನ ಶೀಶೆಯಲ್ಲಿಡಿ. ಮೊದಲು ಮುಂಗೈಯ ಒಳಭಾಗದಲ್ಲಿ ಹಚ್ಚಿ ಎರಡು ದಿನ ಕಾಯಿರಿ, ಕೆಲವರಿಗೆ ಈ ಸೊಪ್ಪಿನಿಂದಲೇ ಅಲರ್ಜಿ ಆಗುವುದುಂಟು. ಆಮೇಲೆ ದಿನಕ್ಕೆ ಎರಡು ಸಲ ಗಂಟಿನ ಸುತ್ತ ಮತ್ತು ಮೇಲೆ ಎರಡು ಮೂರು ಹನಿ ಹಚ್ಚಿ ಬೆರಳ ತುದಿಯಿಂದ ಮೃದುವಾಗಿ ನೀವಬೇಕು. ಹಿಸುಕುವುದು, ಕೆಂಪಾಗುವಂತೆ ತಿಕ್ಕುವುದು ಬೇಡ. ಒಂದೆಲಗದ ಮಾತ್ರೆ, ಕ್ಯಾಪ್ಸೂಲ್‌ಗಳನ್ನು ಕಲೆಗಾಗಿ ತಿಂಗಳುಗಟ್ಟಲೆ ನುಂಗುವುದೂ ಬೇಡ, ಯಕೃತ್ತಿಗೆ ತೊಂದರೆಯಾದ ವರದಿಗಳಿವೆ. ಮನೆಯಲ್ಲಿ ತಂಬುಳಿ, ಚಟ್ನಿ ಮಾಡಿ ತಿನ್ನುವುದಕ್ಕೆ ಈ ಮಾತು ಅನ್ವಯಿಸದು.

ಅರಿಶಿನ ಹಸಿ ಗಾಯದ ಊತಕ್ಕೆ ಒಳ್ಳೆಯದೇ. ಆದರೆ ಮಾಯ್ದ ಗಂಟಿನ ಮೇಲೆ ಹಚ್ಚಿದ ಅರಿಶಿನ ಚರ್ಮದೊಳಗೆ ಇಳಿಯುವುದು ಬಹಳ ಕಡಿಮೆ, ಬಣ್ಣ ಮಾತ್ರ ಉಳಿಯುತ್ತದೆ. ಅಂಗಡಿಯ ಪುಡಿಯಲ್ಲಿ ಬಣ್ಣದ ಕಲಬೆರಕೆಯಿದ್ದರೆ ತುರಿಕೆ ಹೆಚ್ಚಾದೀತು. ಲೋಳೆಸರದ ತಿಳಿ ಲೋಳೆ ತಂಪು ಕೊಡುತ್ತದೆ, ಎಲೆ ಕತ್ತರಿಸಿದಾಗ ಒಸರುವ ಹಳದಿ ರಸವನ್ನು ಮಾತ್ರ ತೊಳೆದು ತೆಗೆಯಬೇಕು. ಈರುಳ್ಳಿಯ ಸಾರದಿಂದ ಮಾಡಿದ ಜೆಲ್‌ಗಳು ಔಷಧದ ಅಂಗಡಿಗಳಲ್ಲಿವೆ, ಅವುಗಳ ಅಧ್ಯಯನಗಳ ಫಲ ಒಂದೇ ತೆರನಾಗಿಲ್ಲ. ಮನೆಯಲ್ಲಿ ಈರುಳ್ಳಿ ಜಜ್ಜಿ ಕಟ್ಟಿದರೆ ಆ ಜೆಲ್ ಆಗುವುದಿಲ್ಲ, ಚರ್ಮ ಕೆರಳುತ್ತದೆ ಅಷ್ಟೆ. ಜಾತ್ಯಾದಿ ತೈಲ ಹೆಸರುವಾಸಿ, ನಾನೂ ಕೊಡುತ್ತೇನೆ, ಆದರೆ ತೆರೆದ ಗಾಯಕ್ಕೆ. ಅದರಲ್ಲಿ ಮೈಲುತುತ್ತ ಇರುವುದರಿಂದ ಮಾಯ್ದ ಕಲೆಗೆ ತಿಂಗಳುಗಟ್ಟಲೆ ತಿಕ್ಕುವ ಎಣ್ಣೆ ಅದಲ್ಲ. ಒಂದೆಲಗ ಒಗ್ಗದಿದ್ದರೆ ಮುರುಗಲ ತುಪ್ಪವನ್ನು ಬಳಸಿ. ಗೋವೆಯಿಂದ ರತ್ನಾಗಿರಿಯವರೆಗೆ ಒಡೆದ ಹಿಮ್ಮಡಿಗೆ ಹಚ್ಚುವ ಕೋಕಂ ಎಣ್ಣೆ ಅದೇ. ಬೆರಳಿನ ಬಿಸಿಗೆ ಕರಗಿ ಜಿಡ್ಡಾಗದೆ ಕೂರುತ್ತದೆ, ಚರ್ಮ ಒಣಗಲು ಬಿಡುವುದಿಲ್ಲ. ಹೆಸರಿಲ್ಲದ ಡಬ್ಬಿಗಳಲ್ಲಿ ಮಾರುವ, ಎರಡೇ ವಾರದಲ್ಲಿ ಫಲ ತೋರಿಸುವ ‘ಶುದ್ಧ ಗಿಡಮೂಲಿಕೆ’ ಮುಲಾಮುಗಳ ಬಗ್ಗೆ ಎಚ್ಚರವಿರಲಿ. ಅಷ್ಟು ಬೇಗ ಕೆಲಸ ಮಾಡುವುದು ಅನೇಕ ಸಲ ಅದರಲ್ಲಿ ಸೇರಿಸಿದ ತೀಕ್ಷ್ಣ ಸ್ಟೀರಾಯ್ಡ್, ಅದು ಗಂಟಿನ ಸುತ್ತಲಿನ ಒಳ್ಳೆಯ ಚರ್ಮವನ್ನು ತೆಳುವಾಗಿಸುತ್ತದೆ.

ಪಥ್ಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ನಂಜಿನ ಮಾತು ಬಂದೇ ಬರುತ್ತದೆ. ಹಸಿ ಗಾಯವಿದ್ದಾಗ ಬದನೆ, ಮೀನು, ನೆಲಗಡಲೆ ನಂಜು ಎಂದು ಹಿರಿಯರು ಹತ್ತು ದಿನ ಬಿಡಿಸಿದರೆ ಹಾನಿಯಿಲ್ಲ. ವರ್ಷದ ಹಿಂದಿನ ಗಂಟಿಗಾಗಿ ಮೀನು, ಮೊಟ್ಟೆ, ಬೇಳೆಗಳನ್ನು ತಿಂಗಳುಗಟ್ಟಲೆ ಬಿಡಿಸಬೇಡಿ. ಗಂಟು ಇದರಿಂದ ಕುಗ್ಗುವುದಿಲ್ಲ, ಹುಡುಗಿ ಸೊರಗುತ್ತಾಳೆ.

ಈಗ ನಿಜವಾಗಿ ಆಗಬೇಕಾದದ್ದು. ಎಣ್ಣೆಯ ಜೊತೆಗೇ, ಅದು ಫಲ ಕೊಡುತ್ತದೆಯೇ ಎಂದು ಕಾಯುತ್ತಾ ಕೂರದೆ, ಚರ್ಮರೋಗ ತಜ್ಞರಿಗೆ ತೋರಿಸಿ. ಕೆಲಾಯ್ಡ್ ಚಿಕ್ಕದಿದ್ದಾಗ, ಹೊಸದಿದ್ದಾಗ ಚಿಕಿತ್ಸೆಗೆ ಒಗ್ಗುವಷ್ಟು ಆಮೇಲೆ ಒಗ್ಗುವುದಿಲ್ಲ. ಆಯುರ್ವೇದ ಕಲಿತ ನಾನು ಈ ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಪರೇಲಿನ ಕೆಇಎಂ, ಸಯನ್ನಿನ ಲೋಕಮಾನ್ಯ ತಿಲಕ ಆಸ್ಪತ್ರೆಗಳಲ್ಲಿ ಚರ್ಮ ವಿಭಾಗದ ಹೊರರೋಗಿ ಸೇವೆ ಇದೆ. ಖಾಸಗಿಯಾಗಿ ಖರ್ಚು ಮಾಡಲಾಗದವರು ಅಲ್ಲಿಗೆ ಹೋಗಬಹುದು. ಸಾಮಾನ್ಯವಾಗಿ ಅವರು ಮೊದಲು ಗಂಟಿನೊಳಕ್ಕೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದನ್ನು ನಾಲ್ಕಾರು ವಾರಗಳ ಅಂತರದಲ್ಲಿ ಕೆಲವು ಸಲ ಕೊಡುತ್ತಾರೆ. ನೋವಾಗುತ್ತದೆ, ಆ ಜಾಗ ಸ್ವಲ್ಪ ಬಿಳಿಚಿಕೊಳ್ಳಬಹುದು, ಆದರೆ ಗಂಟು ಮೆತ್ತಗಾಗಿ ಕುಗ್ಗುವುದನ್ನು ಕಣ್ಣಾರೆ ನೋಡಬಹುದು. ಮುಲಾಮಿನ ಡಬ್ಬಿಯಲ್ಲಿ ಕದ್ದು ಬಂದ ಸ್ಟೀರಾಯ್ಡಿಗೂ ತಜ್ಞರು ಅಳೆದು ಗಂಟಿನೊಳಗೇ ಇಡುವ ಸ್ಟೀರಾಯ್ಡಿಗೂ ಇರುವ ವ್ಯತ್ಯಾಸವನ್ನು ಮನಸ್ಸಿನಲ್ಲಿಡಿ. ಕತ್ತರಿಸಿ ತೆಗೆಸಿಬಿಡೋಣ ಎಂಬ ಆತುರ ಮಾತ್ರ ಬೇಡ. ಬೇರೆ ಚಿಕಿತ್ಸೆ ಜೊತೆಗಿಲ್ಲದೆ ಬರಿದೇ ಕತ್ತರಿಸಿದರೆ ಶೇಕಡಾ 45ರಿಂದ 100ರವರೆಗೆ ಮರುಕಳಿಸುತ್ತದೆ ಎಂದು ವೈದ್ಯಗ್ರಂಥಗಳು ಹೇಳುತ್ತವೆ, ಮರಳಿ ಬಂದದ್ದು ಮೊದಲಿಗಿಂತ ದೊಡ್ಡದಾಗಿರುವುದೂ ಉಂಟು. ಕತ್ತರಿಸುವುದೇ ಆದರೆ ಅದರ ಬೆನ್ನಿಗೇ ಚುಚ್ಚುಮದ್ದು, ಹಾಲೆಯನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಒತ್ತಡದ ಕ್ಲಿಪ್ಪು ಇವುಗಳ ಏರ್ಪಾಡು ಮೊದಲೇ ಆಗಿರಬೇಕು. ಸಿಲಿಕೋನ್ ಪಟ್ಟಿ ಅಥವಾ ಜೆಲ್ ಹೇಳಿದರೆ ದಿನಕ್ಕೆ ಹನ್ನೆರಡು ಗಂಟೆಗೆ ಕಡಿಮೆಯಿಲ್ಲದೆ, ಎರಡು ಮೂರು ತಿಂಗಳಾದರೂ ಬಿಡದೆ ಬಳಸಬೇಕು. ನಮ್ಮ ಸೆಕೆಯಲ್ಲಿ ಪಟ್ಟಿಯ ಅಡಿ ಬೆವರುಸಾಲೆ ಏಳುತ್ತದೆ, ದಿನವೂ ಪಟ್ಟಿಯನ್ನೂ ಚರ್ಮವನ್ನೂ ತೊಳೆದು ಒಣಗಿಸಿ ಮತ್ತೆ ಅಂಟಿಸಿ. ಪಟ್ಟಿ ಹಾಕುವ ಹೊತ್ತಿನಲ್ಲಿ ಎಣ್ಣೆ ಇರಬಾರದು. ಅಂಟುವುದಿಲ್ಲ. ಗಂಟಿನ ಮೂಲಕ ಹಾದುಹೋಗುವ ಓಲೆಯನ್ನು ಈಗಲೇ ತೆಗೆಸಿ. ಅಗ್ಗದ ಓಲೆಗಳಲ್ಲಿನ ನಿಕ್ಕೆಲ್ ಅಲರ್ಜಿಯೂ ತುರಿಕೆಗೆ ಕಾರಣವಾಗುತ್ತದೆ. ಗಂಟು ಏಕಾಏಕಿ ಬೆಳೆದರೆ, ಹುಣ್ಣಾದರೆ, ರಕ್ತ ಒಸರಿದರೆ ತಡಮಾಡದೆ ತೋರಿಸಿ, ಕೆಲಾಯ್ಡಿನಂತೆಯೇ ಕಾಣುವ ಬೇರೆ ಗಡ್ಡೆಗಳಿವೆ.

ಕಿರಿಯ ಮಗಳ ವಿಷಯ. ಅಕ್ಕನಿಗೆ ಕೆಲಾಯ್ಡ್ ಆಗಿದೆ ಎಂದರೆ ತಂಗಿಗೂ ಆ ಸ್ವಭಾವ ಇರಬಹುದು. ಹಿರಿಯರ ತೋಳಿನ ಬಿಸಿಜಿ ಗುರುತುಗಳನ್ನು ನೋಡಲು ಹೇಳಿದ್ದು ಇದಕ್ಕೇ. ಇಬ್ಬರು ಮೂವರಲ್ಲಿ ಗಂಟುಗಳಿದ್ದರೆ ಚುಚ್ಚಿಸದಿರುವುದೇ ನನ್ನ ಸಲಹೆ, ಒತ್ತಿ ಹಾಕುವ ಓಲೆಗಳು ಈಗ ಚೆನ್ನಾಗಿಯೇ ಸಿಗುತ್ತವೆ. ಇಲ್ಲವಾದರೆ, ಮತ್ತು ನಿಮಗೆ ಚುಚ್ಚಿಸಲೇಬೇಕೆನಿಸಿದರೆ, ಅವಳು ದೊಡ್ಡವಳಾಗಲಿ ಎಂದು ಕಾಯಬೇಡಿ. ಅಮೆರಿಕದಲ್ಲಿ ಕಿವಿಯ ಕೆಲಾಯ್ಡ್ ಇದ್ದವರನ್ನೇ ಕೇಳಿ ಮಾಡಿದ ಒಂದು ಚಿಕ್ಕ ಸಮೀಕ್ಷೆಯಲ್ಲಿ, ಹನ್ನೊಂದು ವರ್ಷಕ್ಕಿಂತ ಮುಂಚೆ ಚುಚ್ಚಿಸಿದಾಗ ಗಂಟಾದದ್ದು ಆಮೇಲೆ ಚುಚ್ಚಿಸಿದಾಗಿನದಕ್ಕಿಂತ ಎಷ್ಟೋ ಕಡಿಮೆ. ಸುಶ್ರುತ ಕೂಸಿಗೆ ಆರು ಏಳು ತಿಂಗಳಿನಲ್ಲಿಯೇ ಕರ್ಣವೇಧ ಮಾಡಬೇಕು ಎಂದದ್ದು, ಕಿವಿಯನ್ನು ಬಿಸಿಲಿಗೆ ಹಿಡಿದು ಬೆಳಕು ತೂರಿ ಬರುವ ತೆಳು ಜಾಗವನ್ನು ಕಂಡುಕೊಂಡು ಅಲ್ಲಿ ಚುಚ್ಚಬೇಕು ಎಂದದ್ದು ಈಗಲೂ ಪಾಲಿಸಲು ಯೋಗ್ಯ. ಅಂಗಡಿಯ ಪಿಸ್ತೂಲಿನಿಂದ ಬೇಡ. ಅದು ಮೊಂಡು ಓಲೆಯ ತುದಿಯನ್ನೇ ಹಾಲೆಯೊಳಗೆ ನುಗ್ಗಿಸಿ ಸುತ್ತಲಿನ ಚರ್ಮವನ್ನು ಜಜ್ಜುತ್ತದೆ, ಅದರ ಪ್ಲಾಸ್ಟಿಕ್ ಭಾಗವನ್ನು ಕುದಿಸಿ ಶುದ್ಧಮಾಡಲೂ ಆಗದು. ವೈದ್ಯರ ಹತ್ತಿರ ಹೊಸ ಸೂಜಿಯಿಂದ, ಮಳೆಗಾಲ ಮುಗಿದ ಮೇಲೆ, ಹಾಲೆಗೆ ಒಂದೊಂದೇ ತೂತು ಮಾಡಿಸಿ, ಬಂಗಾರದ ಸಣ್ಣ ತಂತಿ ಹಾಕಿಸಿ. ಮಾಯುವವರೆಗೆ ದಿನಕ್ಕೆ ಎರಡು ಸಲ ಕುದಿಸಿ ಆರಿಸಿದ ಉಪ್ಪುನೀರಿನಿಂದ ಒರೆಸಿ ಒಣಗಿಸಿ. ಆಮೇಲೆ ಒಂದು ವರ್ಷ ತಿಂಗಳಿಗೊಮ್ಮೆ ಹಾಲೆಯ ಹಿಂಬದಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ನೋಡಿ. ಅಕ್ಕಿಕಾಳಿನಷ್ಟು ಗಟ್ಟಿ ಸಿಕ್ಕಿದರೂ, ಅಕ್ಕನನ್ನು ತೋರಿಸುತ್ತಿರುವ ತಜ್ಞರಿಗೇ ಅವಳನ್ನೂ ಆ ವಾರವೇ ತೋರಿಸಿ.